ನೀರು ಬಂದ ಊರು, ನೀರು ಬಾರದ ಊರು
(ಮಂಡ್ಯ ಸೀಮೆಯ ಜೀವನಸ್ಥಿತಿಯಿಂದ ಒಂದು ಪಾಠ)

ನಾಲೆಯ ನೀರು ಹರಿಯುವ ಸೀಮೆಯವರು ಸುಖಿಗಳು, ಮಳೆಯನ್ನೇ ನಂಬಿದ ಖುಷ್ಕಿ ಸೀಮೆಯವರು ಕಷ್ಟಜೀವಿಗಳು ಎಂಬ ಭಾವನೆಯು ನಮ್ಮ ರೈತರಲ್ಲಿ ಸಾಮಾನ್ಯವಾಗಿ ಉಂಟು. ಇದರಲ್ಲಿ ಸತ್ಯಾಂಶವು ಬಹಳವಾಗಿದ್ದರೂ ಇದೇ ಪೂರ್ಣಸತ್ಯವಲ್ಲ. ಒಂದು ಸೀಮೆಯ ಜೀವನಸ್ಥಿತಿಯನ್ನು ಅಳೆಯಬೇಕಾದರೆ ಎಕರೆಯ ಫಸಲನ್ನು ಮಾತ್ರ ಎಣಿಸಿದರೆ ಸಾಲದು. ಮನೆಯವರ ಊಟ, ಆರೋಗ್ಯ, ಮಕ್ಕಳ ವಿದ್ಯೆ, ಸಾಲದ ಹೊರೆ, ಕೂಲಿಯಾಳಿನ ಪಾಡು, ಇವೆಲ್ಲವನ್ನೂ ಕೂಡಿಸಿ ನೋಡತಕ್ಕದ್ದು.

1. ನಾಲೆಯ ಆಗಮನ

ಮಂಡ್ಯದ ಸುತ್ತಿನ ಭೂಮಿಗೆ ವರ್ಷಕ್ಕೆ ಬೀಳುವ ಮಳೆಯು ಸುಮಾರು 28 ಅಂಗುಲ. ಪೂರ್ವದಲ್ಲಿ ಕೆರೆಯ ಕೆಳಗಿನ ಸ್ವಲ್ಪ ಗದ್ದೆಯ ಹೊರತು ಉಳಿದೆಡೆ ರಾಗಿ, ಹುರುಳಿ, ಅವರೆಗಳೇ ಬೆಳೆಗಳಾಗಿದ್ದುವು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು ಸುಮಾರು 20 ವರ್ಷ ನಡೆಯಿತು. ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯು ಹುಳಿಕೆರೆಯ ಸುರಂಗವನ್ನು ದಾಟಿ ಈ ಬಯಲಿಗೆ ನೀರನ್ನು ತಂದಿತು. 1933ರಲ್ಲಿ ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು.

ಆದರೆ ನೀರು ತಗ್ಗಿಗೆ ಹರಿಯುವುದೇ ಹೊರತು ಎತ್ತರಕ್ಕೆ ಏರದು. ಆದುದರಿಂದ ನಾಲೆಯ ಮಟ್ಟಕ್ಕಿಂತ ಕೆಳಗಿದ್ದ ಊರು ತರಿಯಾಯಿತು. ಮೇಲಿದ್ದ ನೆರೆಯೂರು ಖುಷ್ಕಿಯಾಗಿಯೇ ಉಳಿಯಿತು. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ಇಂತಹ ಎರಡು ಹಳ್ಳಿಗಳಲ್ಲಿ ವ್ಯಾಸಂಗ ನಡೆಸಿ, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನಿಜನಾಮಗಳನ್ನು ಮರೆಮಾಡಿ, ನೀರು ಬಂದ ಊರಿಗೆ ವಂಗಲವೆಂದೂ ನೀರು ಬಾರದ ಊರಿಗೆ ದಲೇನವೆಂದೂ ಹೆಸರಿಟ್ಟರು.

2. ಎರಡು ಊರುಗಳ ನಡೆ

ವಂಗಲದಲ್ಲಿ ರಾಗಿಯ ಹೊಲಗಳು ಭತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದುವು. ಕಬ್ಬನ್ನು ಕೊಳ್ಳಲು ಕಾರ್ಖಾನೆಯು ಸಿದ್ಧವಾಗಿತ್ತು. ಕೈಯಲ್ಲಿ ಹಣ ಓಡಾಡಿತು. ಆದರೂ ಊರಿನ ಕಟ್ಟುಪಾಡು ಹೆಚ್ಚಾಗಿ ಬದಲಾಗಲಿಲ್ಲ. ಕಸುಬು ಬೇಸಾಯವೇ ಆಗಿದ್ದುದರಿಂದ ಒಕ್ಕಲು ಮನೆಗೂ ಆಳಿನ ಮನೆಗೂ ತಲೆತಲಾಂತರದಿಂದ ಬಂದ ಸಂಬಂಧವು ಹಾಗೆಯೇ ಮುಂದುವರಿಯಿತು.

ದಲೇನದವರಿಗಾದರೋ ಮನೆಯಲ್ಲಿ ಕುಳಿತರೆ ಗತಿಯಿರಲಿಲ್ಲ. ಅವರು ನೆರೆಯೂರುಗಳಲ್ಲಿ ತರಿ ಜಮೀನು ಕೊಂಡರು; ಮಂಡ್ಯದ ಕಾರ್ಖಾನೆ ಕಚೇರಿಗಳಲ್ಲಿ ಕೆಲಸ ಹಿಡಿದರು; ಗಾಡಿ ಹೊಡೆದರು; ದನದ ವ್ಯಾಪಾರ ಮಾಡಿದರು; ಹಿಟ್ಟಿನ ಗಿರಣಿಯನ್ನು ನಡೆಸಿದರು. ನೀರಿಲ್ಲದ ಊರೇ ಹೆಚ್ಚು ಬದಲಾದುದು ವಿಸ್ಮಯಕರವಾದರೂ ಕಾರಣ ಸ್ಪಷ್ಟ: ಹಳೆಯ ದಾರಿಯಲ್ಲಿ ಲಾಭ ಕಂಡವನು ಹೊಸ ದಾರಿಯನ್ನು ಹುಡುಕನು.

3. ಲೆಕ್ಕಕ್ಕೆ ಬಾರದ ನಷ್ಟಗಳು

ಈ ಬದಲಾವಣೆಯ ಭಾರವು ಬಡವನ ಮೇಲೆ ಬಿತ್ತು. ಹಿಂದೆ ಆಳಿಗೆ ವರ್ಷಕ್ಕಿಷ್ಟು ಧಾನ್ಯವೆಂದು ಕೊಡುವ ವಾಡಿಕೆಯಿತ್ತು. ಸುಭಿಕ್ಷದಲ್ಲಿ ಅದು ಅಲ್ಪವೆನಿಸಿದರೂ ಬರಗಾಲದಲ್ಲಿ ಅದೇ ಪ್ರಾಣಾಧಾರ. ದಲೇನದಲ್ಲಿ ದಿನಗೂಲಿ ಬಂದು ಈ ಆಸರೆ ತಪ್ಪಿತು. 1970ರಲ್ಲಿ ಆ ವಿದುಷಿಯು ಮರಳಿ ಬಂದಾಗ ಎರಡು ಊರುಗಳಲ್ಲಿಯೂ ಅಭಿವೃದ್ಧಿಯನ್ನು ಕಂಡರು; ಜೊತೆಗೆ ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರವು ಹಿಗ್ಗಿದುದನ್ನೂ ಕಂಡರು.

ಊಟದ ವಿಷಯವೂ ವಿಚಾರಾರ್ಹವಾದುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತಲೂ ಹೆಚ್ಚು ಸುಣ್ಣದ ಸತ್ತ್ವವಿದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಅನ್ನವನ್ನು ಸಿರಿಯ ಗುರುತೆಂದು ಭಾವಿಸಿ ರಾಗಿಯನ್ನು ತೊರೆದ ಮನೆಯು ಆದಾಯದಲ್ಲಿ ಏರಿದರೂ ಪುಷ್ಟಿಯಲ್ಲಿ ಇಳಿಯಬಹುದು. ಬಸಿಯುವ ದಾರಿಯಿಲ್ಲದೆ ನೀರು ನಿಂತರೆ ಭೂಮಿಯು ಜೌಗಾಗಿ, ಕ್ರಮೇಣ ಚೌಳಾಗುವುದು. ಸೊಳ್ಳೆಯೂ ಅಲ್ಲಿಯೇ ಹುಟ್ಟುವುದು.

4. ರೈತರು ಗ್ರಹಿಸತಕ್ಕ ಅಂಶಗಳು

(1) ತರಿ ಸೀಮೆಯವರು ಕಬ್ಬು ಭತ್ತಗಳ ನಡುವೆ ದ್ವಿದಳ ಧಾನ್ಯಕ್ಕೂ ಮನೆಯ ಮಟ್ಟಿಗೆ ರಾಗಿಗೂ ಸ್ಥಳವಿಡಬೇಕು. ನೀರು ಹಾಯಿಸುವ ಕಾಲುವೆಯಷ್ಟೇ ಮುತುವರ್ಜಿಯಿಂದ ಬಸಿಗಾಲುವೆಯನ್ನೂ ತೆಗೆಯಬೇಕು.

(2) ಖುಷ್ಕಿ ಸೀಮೆಯವರು ಬದುಗಳನ್ನು ಹಾಕಿ ಬಿದ್ದ ಮಳೆಯನ್ನು ಹೊಲದಲ್ಲಿಯೇ ಇಂಗಿಸಬೇಕು. ಹೈನು, ಕುರಿ, ಮರಗಿಡಗಳಿಂದ ಎರಡನೆಯ ಆದಾಯವನ್ನು ಕಲ್ಪಿಸಿಕೊಳ್ಳಬೇಕು.

(3) ಒಳ್ಳೆಯ ಫಸಲಿನ ಹಣವನ್ನು ಮದುವೆಯ ಆಡಂಬರಕ್ಕೆ ಸುರಿಯದೆ ಸಾಲದ ತೀರುವಳಿಗೂ ಮಕ್ಕಳ ವಿದ್ಯೆಗೂ ವಿನಿಯೋಗಿಸಬೇಕು.

(4) ಆಳುಗಳಿಗೆ ನ್ಯಾಯವಾದ ಕೂಲಿಯೂ ಕೆಲಸವಿಲ್ಲದ ತಿಂಗಳುಗಳಲ್ಲಿ ಆಸರೆಯೂ ದೊರೆಯುವಂತೆ ಊರಿನವರು ಕೂಡಿ ಯೋಚಿಸಬೇಕು. ಹಳೆಯ ವಾಡಿಕೆಯಲ್ಲಿದ್ದ ಅಧೀನತೆಯು ಮರಳಿ ಬರಬೇಕಾದುದಿಲ್ಲ. ಅದರಲ್ಲಿದ್ದ ಭದ್ರತೆಯು ಮಾತ್ರ ಬೇಕು.

ನೆರೆಯ ಸೀಮೆಯನ್ನು ನೋಡಿ ಅಸೂಯೆಪಡುವುದರಿಂದಲೂ ಹೀನೈಸುವುದರಿಂದಲೂ ಪ್ರಯೋಜನವಿಲ್ಲ. ನೀರು ಬಂದ ಊರಿನಿಂದ ದುಡಿಮೆಯ ಕ್ರಮವನ್ನೂ ನೀರು ಬಾರದ ಊರಿನಿಂದ ಯುಕ್ತಿಯನ್ನೂ ಕಲಿಯುವುದು ಲೇಸು. ಊರಿನ ಕಟ್ಟಕಡೆಯ ಗುಡಿಸಲಲ್ಲಿ ಎರಡು ಹೊತ್ತು ಒಲೆ ಉರಿಯುವುದೇ ಎಂದು ನೋಡಿಕೊಂಡು, ಆ ಬಳಿಕ ನಮ್ಮ ಸೀಮೆಯು ಸುಖವಾಗಿದೆಯೆಂದು ಹೇಳುವುದು ಯುಕ್ತವು.