ಮೈದಾನದಿಂದ ಪಹಣಿಗೆ

ಭಾಲ್ಕಿಯ ಶಾಲಾ ಮೈದಾನದಲ್ಲಿ ಕಬಡ್ಡಿ, ವಾಲಿಬಾಲ್ ಕಲಿಸುತ್ತಲೇ ನನ್ನ ತಲೆಗೂದಲು ಬೆಳ್ಳಗಾದವು. ನನ್ನ ಕೈಯಲ್ಲಿ ಆಡಿದ ಹುಡುಗರಲ್ಲಿ ಕೆಲವರು ಪೊಲೀಸ್ ಇಲಾಖೆ ಸೇರಿದರು, ಕೆಲವರು ರೈಲ್ವೆಗೆ ಹೋದರು. ಉಳಿದವರು ಹೆಚ್ಚು. ಮೊಣಕಾಲು ಕೈಕೊಟ್ಟು, ನೌಕರಿಯ ವಯಸ್ಸೂ ದಾಟಿದ ಮೇಲೆ ಊರಿಗೆ ಬಂದು, ‘ಪ್ಲಾಟಿನ ಧಂದೆಕ್ಕ ಇಳೀಬೇಕಂತ ಮಾಡೀನ್ರಿ ಸರ್’ ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟ ಬಿಟ್ಟು ಜಾಗದ ವ್ಯವಹಾರಕ್ಕೆ ಬರುವುದು ಕೀಳಲ್ಲ, ಹೊಸದೂ ಅಲ್ಲ. ಅಮೆರಿಕದ ಫುಟ್‌ಬಾಲ್ ಆಟಗಾರ ರೋಜರ್ ಸ್ಟೌಬಾಕ್ ಡಲ್ಲಾಸ್ ತಂಡದಲ್ಲಿ ಆಡುತ್ತಿದ್ದಾಗಲೇ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಈ ಕೆಲಸ ಕಲಿತರು. 1977ರಲ್ಲಿ ಪಾಲುದಾರರೊಡನೆ ಸ್ವಂತ ಕಂಪನಿ ತೆರೆದರು. 2008ರಲ್ಲಿ ಅದನ್ನು ಜೋನ್ಸ್ ಲ್ಯಾಂಗ್ ಲಸಾಲ್ ಎಂಬ ದೊಡ್ಡ ಕಂಪನಿಗೆ ಮಾರಿದರು. ಅವರ ಕೀರ್ತಿಯನ್ನಲ್ಲ, ಆಡುತ್ತಿರುವಾಗಲೇ ಇನ್ನೊಬ್ಬರ ಕೈಕೆಳಗೆ ಕುಳಿತು ಕಲಿತ ಆ ತಿಂಗಳುಗಳನ್ನು ನೀವು ಗಮನಿಸಬೇಕು.

ಆಟಗಾರನ ಮೊದಲ ಬಂಡವಾಳ ಅವನ ಹೆಸರು. ಔರಾದ್ ತಾಲೂಕಿನ ಯಾವ ಹಳ್ಳಿಗೆ ಹೋದರೂ, ‘ಇವ ನಮ್ಮ ತಾಲೂಕಿನ ಟೀಮಿನಾಗ ಆಡ್ಯಾನ’ ಎಂದು ಜನ ಚಹಾ ಕೊಟ್ಟು ಕೂರಿಸುತ್ತಾರೆ. ಬೇರೆ ದಲಾಲನಿಗೆ ಎರಡು ವರ್ಷ ಹಿಡಿಯುವ ನಂಬಿಕೆ ನಿಮಗೆ ಎರಡು ನಿಮಿಷದಲ್ಲಿ ಸಿಗುತ್ತದೆ. ಅಪಾಯವೂ ಅಲ್ಲೇ ಇದೆ. ನಿಮ್ಮ ಮುಖ ನೋಡಿದವರು ಕಾಗದ ನೋಡುವುದಿಲ್ಲ. ಹಾಗಾಗಿ ಅವರ ಪರವಾಗಿ ಕಾಗದ ಓದುವ ಹೊಣೆ ಪೂರ್ತಿಯಾಗಿ ನಿಮ್ಮ ಮೇಲೆ ಬೀಳುತ್ತದೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಬೀದರ್ ನಗರದ ಹೊರಗೆ 30×40ರ ಒಂದು ಪ್ಲಾಟು ಕೊಂಡಿದ್ದೆ. ತಂದುಕೊಟ್ಟವನು ನಾನು ಮೆಚ್ಚಿದ್ದ ವಾಲಿಬಾಲ್ ಆಟಗಾರ. ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಹಣ ಕೊಟ್ಟೆ. ಆ ಜಮೀನು ಎನ್‌.ಎ. (ಕೃಷಿಯೇತರ) ಆಗಿರಲಿಲ್ಲ, ಲೇಔಟಿಗೆ ಮಂಜೂರಾತಿಯೂ ಇರಲಿಲ್ಲ. ಆ ಹುಡುಗ ನನಗೆ ಮೋಸ ಮಾಡಿದನೆಂದು ನಾನು ಇಂದಿಗೂ ಹೇಳುವುದಿಲ್ಲ. ಮಾಲೀಕ ಹೇಳಿದ್ದನ್ನು ಅವನು ನಂಬಿದ, ಅವನನ್ನು ನಾನು ನಂಬಿದೆ. ಅವನು ಪ್ರಾಮಾಣಿಕನೇ, ಆದರೆ ಪಹಣಿ ಓದಲು ಬರುತ್ತಿರಲಿಲ್ಲ. ಈ ವೃತ್ತಿಯಲ್ಲಿ ಓದು ಬಾರದ ಪ್ರಾಮಾಣಿಕತೆಯಿಂದ ಆಗುವ ನಷ್ಟವೂ ಮೋಸದ ನಷ್ಟದಷ್ಟೇ ದೊಡ್ಡದು.

ಆದ್ದರಿಂದ ಪಾಠ ಪಹಣಿಯಿಂದಲೇ ಶುರುವಾಗಲಿ. ಕಳೆದ ಬೇಸಿಗೆಯಲ್ಲಿ ಒಬ್ಬ ಹಳೆಯ ಕಬಡ್ಡಿ ರೈಡರ್‌ನ ಮುಂದೆ ಔರಾದ್ ಕಡೆಯ ಹೊಲದ ಪಹಣಿ ಹರಡಿ, ‘ಎಷ್ಟು ಅದ?’ ಎಂದು ಕೇಳಿದೆ. ‘4 ಎಕರೆ 12 ಗುಂಟೆ ರೀ ಸರ್’ ಎಂದ. ‘ಮತ್ತ ನೋಡು’ ಎಂದೆ. ವಿಸ್ತೀರ್ಣದ ಕೆಳಗೆ ಖರಾಬು ಎಂಬ ಸಾಲಿದೆ. ಅದರಲ್ಲಿ ‘ಅ’ ಮತ್ತು ‘ಬ’ ಎಂದು ಎರಡು. ‘ಬ’ ಖರಾಬು ಎಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ನೆಲ, ಅದನ್ನು ಮಾರಲು ಬರುವುದಿಲ್ಲ. ಆ ಹೊಲದಲ್ಲಿ ಅದು 14 ಗುಂಟೆ ಇತ್ತು. 40 ಗುಂಟೆಗೆ ಒಂದು ಎಕರೆಯಂತೆ ಲೆಕ್ಕ ಹಾಕಿದರೆ ಉಳಿಯುವುದು 3 ಎಕರೆ 38 ಗುಂಟೆ. ಹುಡುಗ ಬೆರಳಿನಲ್ಲಿ ಎಣಿಸಿ, ಸುಮ್ಮನೆ ನನ್ನ ಮುಖ ನೋಡಿದ. ಒಂದು ಗುಂಟೆ ಎಂದರೆ 1,089 ಚದರ ಅಡಿ. 14 ಗುಂಟೆ ಎಂದರೆ 15,246 ಚದರ ಅಡಿ ಹಳ್ಳವನ್ನು ಅವನು ಹೊಲವೆಂದು ಮಾರಲು ಹೊರಟಿದ್ದ.

ಮುಂದೆ 9ನೇ ಕಾಲಂ. ಮಾಲೀಕರ ಹೆಸರು ಅಲ್ಲಿರುತ್ತದೆ. ಒಂದೇ ಹೆಸರಿದ್ದರೆ ಸಲೀಸು ಎನ್ನಬೇಡಿ, ಆ ಹೆಸರು ಅಲ್ಲಿಗೆ ಹೇಗೆ ಬಂತೆಂದು 10ನೇ ಕಾಲಂ ಹೇಳುತ್ತದೆ. ಅಲ್ಲಿರುವ ಮುಟೇಶನ್ ನಂಬರ್ ಹಿಡಿದು ಹಿಂದಕ್ಕೆ ಹೋದರೆ ಖರೀದಿಯೋ, ವಾರಸಾ ಹಕ್ಕೋ, ಸರ್ಕಾರದ ಮಂಜೂರಾತಿಯೋ ಎಂಬುದು ತಿಳಿಯುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅಂಥ ಹೊಲ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೈಹಾಕಬೇಡಿ. ಬಡವನೊಬ್ಬನ ನೆಲ ಹೋಗುತ್ತದೆ, ಕೊಂಡವನ ಹಣವೂ ಹೋಗುತ್ತದೆ. 11ನೇ ಕಾಲಂನಲ್ಲಿ ಬ್ಯಾಂಕು, ಸೊಸೈಟಿಯ ಸಾಲ, ಕೋರ್ಟಿನ ತಡೆ, ಇತರರ ಹಕ್ಕು ಬರೆದಿರುತ್ತಾರೆ.

ಪಹಣಿಯಲ್ಲಿ ಕಾಣದ ಇನ್ನೊಂದು ಸಂಗತಿಯಿದೆ. ಪಿತ್ರಾರ್ಜಿತ ಜಮೀನಾದರೆ ಮನೆಯ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಕೇಳಲೇಬೇಕು. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ‘ಅಕ್ಕನ ಲಗ್ನ ಆಗಿ ಉದಗೀರಕ್ಕ ಹೋಗ್ಯಾಳ, ಆಕಿ ಏನೂ ಕೇಳಂಗಿಲ್ಲ’ ಎಂದು ತಮ್ಮಂದಿರು ಹೇಳುತ್ತಾರೆ. ನೀವು ಒಪ್ಪಬೇಡಿ. ವಂಶವೃಕ್ಷ ತರಿಸಿ, ಅಕ್ಕನನ್ನು ಕರೆಸಿ, ಆಕೆಯ ಮಾತನ್ನು ಆಕೆಯ ಬಾಯಿಂದಲೇ ಕೇಳಿ. ಇದು ವ್ಯವಹಾರ ಉಳಿಸುವ ಉಪಾಯ ನಿಜ. ಆದರೆ ಅದಕ್ಕಿಂತ ಮೊದಲು ನ್ಯಾಯದ ಮಾತು.

ನಮ್ಮ ಜಿಲ್ಲೆಯ ಕಾಗದಗಳಿಗೆ ಅವುಗಳದೇ ಚರಿತ್ರೆಯೂ ಇದೆ. 1948ರವರೆಗೆ ಇಲ್ಲಿ ನಿಜಾಮರ ಆಡಳಿತ, ಹಾಗಾಗಿ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಕಡೆಗೆ ಹಂಚಿಹೋಯಿತು. ಇಂದು ಔರಾದಿನಿಂದ ಒಂದು ಕಡೆ ಗಡಿ ದಾಟಿದರೆ ಅದೇ ಕಾಗದದ ಹೆಸರು ಸಾತ್‌ಬಾರಾ, ಇನ್ನೊಂದು ಕಡೆ ದಾಟಿದರೆ ತೆಲಂಗಾಣದ ಪಾಸ್‌ಬುಕ್ಕು. ಅಣ್ಣತಮ್ಮಂದಿರ ಹೊಲಗಳು ಗಡಿಯ ಎರಡೂ ಕಡೆ ಇರುವ ಮನೆಗಳು ಇಲ್ಲಿ ಅಪರೂಪವಲ್ಲ. ಉರ್ದು ಓದಬಲ್ಲ ಹಿರಿಯರೊಬ್ಬರನ್ನೂ ಒಳ್ಳೆಯ ವಕೀಲರೊಬ್ಬರನ್ನೂ ಪರಿಚಯ ಮಾಡಿಟ್ಟುಕೊಳ್ಳಿ. ಹಳೆಯ ಕಾಗದದಲ್ಲಿ ಇನಾಂ ಎಂಬ ಪದ ಕಂಡರೆ ಅವರಿಬ್ಬರನ್ನು ಕೇಳದೆ ಹೆಜ್ಜೆ ಇಡಬೇಡಿ.

ಕಾಗದ ಸರಿಯಿದ್ದರೂ ಆ ಜಾಗದಲ್ಲಿ ಕಟ್ಟಲು ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮಂಗಳೂರು, ಉಡುಪಿ, ಕಾರವಾರದ ಕಡೆ ದಲಾಲಿ ಮಾಡುವವರು ಮೊದಲು ಕಲಿಯುವುದು ಸಮುದ್ರದ ನಿಯಮ. 1991ರಲ್ಲಿ ಬಂದು 2011 ಮತ್ತು 2019ರಲ್ಲಿ ಹೊಸದಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಉಬ್ಬರದ ಗೆರೆಯಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕೆಂದು ಹೇಳುತ್ತದೆ. ಜನಸಂಖ್ಯೆ ವಿರಳವಾಗಿರುವ ಹಳ್ಳಿಗಳ ಕಡೆ ಅದು 200 ಮೀಟರ್. ಅಲೆ ಕಾಣುವ ಜಾಗವೆಂದು ಕೋಟಿ ಕೊಟ್ಟು ಕೊಂಡವನು ಅಲ್ಲಿ ಗೋಡೆ ಎಬ್ಬಿಸಲಾಗದೆ ಕೂರಬಹುದು. ನಮಗೆ ಸಮುದ್ರವಿಲ್ಲ, ಆದರೆ ಬೀದರಿನಲ್ಲಿ ಗುಂಬಜಗಳಿವೆ. ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನರ ಮದರಸಾ, ಅಷ್ಟೂರಿನ ಬಹಮನಿ ಸಮಾಧಿಗಳು ಎಲ್ಲವೂ ಸಂರಕ್ಷಿತ ಸ್ಮಾರಕಗಳು. 2010ರ ಕಾನೂನಿನಂತೆ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಹಳೆ ಊರಿನಲ್ಲಿ ಜಾಗ ತೋರಿಸುವ ಮೊದಲು ಈ ಅಳತೆ ತಿಳಿದಿರಲಿ. ವಾಯುಪಡೆಯ ನೆಲೆಯ ಸುತ್ತ ಕಟ್ಟಡದ ಎತ್ತರಕ್ಕೂ ಮಿತಿ ಇದೆ.

ಪ್ಲಾಟಿನ ವಿಷಯಕ್ಕೆ ಬಂದರೆ, ಹೊಲವನ್ನು ಮನೆ ಕಟ್ಟುವ ಜಾಗ ಮಾಡಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಯ ಆದೇಶ ಬೇಕು. ನಾವು ಎನ್‌.ಎ. ಎನ್ನುವುದು ಇದಕ್ಕೇ. ಎನ್‌.ಎ. ಆದ ಮಾತ್ರಕ್ಕೆ ಲೇಔಟ್ ಆಗಲಿಲ್ಲ. ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇರೆ ಬೇಕು. ಪಂಚಾಯತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11-ಇ ನಕ್ಷೆ ಇರಬೇಕು. ಋಣಭಾರ ಪತ್ರ ತೆಗೆಸಿದಾಗ ವ್ಯವಹಾರಗಳಿದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಬಾಂಡ್ ಪೇಪರು, ಜಿ.ಪಿ.ಎ. (ಅಧಿಕಾರ ಪತ್ರ) ಮೇಲೆ ಮಾಲೀಕತ್ವ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನನ್ನ ಪ್ಲಾಟಿನ ಕಥೆ ಅದೇ.

ಕಾಗದ ಮುಗಿದ ಮೇಲೆ ಕಾಲಿಗೆ ಕೆಲಸ. ಇಲ್ಲಿ ಆಟಗಾರನಿಗೆ ಯಾರೂ ಸಾಟಿಯಲ್ಲ. ಹೊಲದ ನಾಲ್ಕು ಮೂಲೆಯನ್ನೂ ನಡೆದು ನೋಡಿ, ಬಾಂದು ಕಲ್ಲು ಹುಡುಕಿ, ಪಕ್ಕದ ಹೊಲದವನ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ದಾರಿಯ ಜಗಳ, ನೀರಿನ ತಕರಾರು ಅವನ ಬಾಯಲ್ಲಿ ಬರುತ್ತದೆ. ಮಾಂಜ್ರಾ ದಂಡೆಯ, ಕಾರಂಜಾ ಹಿನ್ನೀರಿನ ಕಡೆಯ ಜಮೀನನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ. ಬೇಸಿಗೆಯಲ್ಲಿ ನೋಡಿದ ಕಪ್ಪು ಮಣ್ಣು ಆಗ ಬೇರೆಯೇ ಇರುತ್ತದೆ.

ಇನ್ನು ಹಣ. ದಲಾಲಿ ಸಾಮಾನ್ಯವಾಗಿ ಶೇ 1ರಿಂದ 2. ಎಷ್ಟು, ಯಾರಿಂದ ಎಂಬುದನ್ನು ಮೊದಲೇ ಎರಡೂ ಕಡೆಯವರ ಎದುರು ಹೇಳಿಬಿಡಿ. ಇಸಾರದ ಹಣ ನಿಮ್ಮ ಜೇಬಿನಲ್ಲಿ ಒಂದು ರಾತ್ರಿಯೂ ಇರಬಾರದು, ಕೊಳ್ಳುವವನಿಂದ ನೇರವಾಗಿ ಮಾರುವವನ ಖಾತೆಗೆ ಹೋಗಲಿ. 2015ರ ಜೂನ್‌ನಿಂದ ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ.

ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಬಂದದ್ದು 2016ರಲ್ಲಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟು ನೋಂದಣಿಯಾಗಬೇಕು, ಅದರ ಪ್ಲಾಟು ಮಾರಿಸುವ ದಲಾಲನೂ ನೋಂದಾಯಿಸಿಕೊಳ್ಳಬೇಕು. ಇಲ್ಲದೆ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆ ಸ್ವತ್ತಿನ ಬೆಲೆಯ ಶೇ 5ರವರೆಗೂ ಏರಬಹುದು. ನಮ್ಮ ಹುಡುಗರು ಇದನ್ನು ಬೆಂಗಳೂರಿನ ಕಾನೂನು ಎಂದುಕೊಂಡಿದ್ದಾರೆ. ಬೀದರಿಗೂ ಅದೇ ಕಾನೂನು.

ಮೊದಲ ಗಿರಾಕಿಯನ್ನು ಹುಡುಕುವ ಅವಸರ ಈಗ ಬೇಡ. ನಾಳೆ ನಾಡಕಚೇರಿಗೆ ಹೋಗಿ ನಿಮ್ಮದೇ ಮನೆಯ ಹೊಲದ ಪಹಣಿ ತೆಗೆಸಿ. ಖರಾಬು ಎಷ್ಟು, 9ನೇ ಕಾಲಂನಲ್ಲಿ ಯಾರಿದ್ದಾರೆ, 11ರಲ್ಲಿ ಏನಿದೆ ಎಂದು ಅಪ್ಪನ ಪಕ್ಕ ಕೂತು ಓದಿ. ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಭಾನುವಾರ ನಮ್ಮ ಮನೆಗೆ ಬನ್ನಿ.