ಗೃಹಕೃತ್ಯದ ಜಮಾ-ಖರ್ಚು: ಮೊಬೈಲ್ ಆ್ಯಪ್‌ನ ನೆರವಿನಿಂದ

ತಿಂಗಳ ಮೊದಲ ವಾರದಲ್ಲಿ ಕೈಸೇರಿದ ವರಮಾನವು ಮೂರನೆಯ ವಾರದ ಹೊತ್ತಿಗೆ ಎಲ್ಲಿ ಹೋಯಿತೆಂಬುದೇ ತಿಳಿಯದೆ ಚಿಂತೆಗೊಳಗಾಗುವ ಕುಟುಂಬಗಳು ನಮ್ಮಲ್ಲಿ ಅನೇಕ. ಇಂತಹ ಕುಟುಂಬಗಳೆಲ್ಲ ದುಂದುವೆಚ್ಚ ಮಾಡುತ್ತವೆಯೆಂದು ಭಾವಿಸುವುದು ಸರಿಯಲ್ಲ. ವೆಚ್ಚವನ್ನು ಬರೆದಿಡುವ ಅಭ್ಯಾಸವಿಲ್ಲದಿರುವುದೇ ಬಹುಪಾಲು ಸಂದರ್ಭಗಳಲ್ಲಿ ತೊಂದರೆಗೆ ಮೂಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ತಿಳಿದಿದೆ. ಆದರೆ ಹಾಸಿಗೆಯ ಅಳತೆಯನ್ನೇ ತಿಳಿಯದವರು ಆ ಗಾದೆಯನ್ನು ಪಾಲಿಸುವ ಬಗೆ ಹೇಗೆ? ಆ ಅಳತೆಯನ್ನು ತಿಳಿಯಲು ಮೊಬೈಲ್ ಆ್ಯಪ್ ಎಷ್ಟರಮಟ್ಟಿಗೆ ನೆರವಾಗಬಲ್ಲದು, ಅದನ್ನು ಬಳಸುವಾಗ ಯಾವ ಎಚ್ಚರಿಕೆಗಳು ಅಗತ್ಯ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಕಡತದಿಂದ ಕೈಫೋನಿನವರೆಗೆ

ಲೆಕ್ಕ ಬರೆಯುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಚಿ ಸಿದ್ಧಪಡಿಸಿದ ಕಡತದ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಕಚೇರಿಯ ಕಾಗದಪತ್ರಗಳ ಕಟ್ಟನ್ನು ನಾವು ಇಂದಿಗೂ ಕಡತವೆಂದೇ ಕರೆಯುತ್ತೇವೆ. ಜಮಾ, ಖರ್ಚು, ಬಾಕಿ ಎಂಬ ಮಾತುಗಳು ಕನ್ನಡದಲ್ಲಿರುವಂತೆ ಮರಾಠಿಯಲ್ಲಿಯೂ ಬಳಕೆಯಲ್ಲಿವೆ. ಆದುದರಿಂದ ನಾಗಪುರದಲ್ಲಿ ನೆಲೆಸಿರುವ ಕನ್ನಡಿಗರಿಗೆ ನೆರೆಯ ಕಿರಾಣಿ ಅಂಗಡಿಯವರ ಲೆಕ್ಕದ ಭಾಷೆ ಅಪರಿಚಿತವೆನಿಸದು.

ನಗದು ವ್ಯವಹಾರದಲ್ಲಿ ಒಂದು ಸಹಜವಾದ ಎಚ್ಚರಿಕೆಯಿತ್ತು. ಹಣದ ಚೀಲ ತೆಳುವಾಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿತ್ತು. ಏಕೀಕೃತ ಪಾವತಿ ವ್ಯವಸ್ಥೆಯಾದ ಯುಪಿಐ 2016ರಲ್ಲಿ ಆರಂಭವಾದ ಮೇಲೆ ಈ ಸ್ಥಿತಿ ಬದಲಾಯಿತು. ಅದೇ ವರ್ಷದ ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಿಡುಗಡೆಯಾಯಿತು. ಬೆರಳಚ್ಚಿನ ಆಧಾರದಿಂದ ವ್ಯಾಪಾರಿಗೆ ಹಣ ಸಲ್ಲಿಸುವ ಭೀಮ್-ಆಧಾರ್ ಸೌಲಭ್ಯವನ್ನು 2017ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನ, ನಾಗಪುರದಲ್ಲಿಯೇ ಉದ್ಘಾಟಿಸಲಾಯಿತು. ಇಂದು ಹತ್ತು ರೂಪಾಯಿಯ ಚಹಕ್ಕೂ ಫೋನಿನ ಮೂಲಕವೇ ಹಣ ಸಲ್ಲುತ್ತದೆ. ಚಿಲ್ಲರೆಯ ತೊಂದರೆ ತಪ್ಪಿತು, ನಿಜ. ಆದರೆ ಹಣದ ಚೀಲ ನೀಡುತ್ತಿದ್ದ ಎಚ್ಚರಿಕೆಯೂ ಅದರೊಡನೆ ಇಲ್ಲವಾಯಿತು. ಅದನ್ನು ಮರಳಿ ಪಡೆಯುವ ಉಪಾಯವೇ ವೆಚ್ಚದ ದಾಖಲೆ.

ಆ್ಯಪ್‌ಗಳ ಬಗೆಗಳು

ಖರ್ಚಿನ ಲೆಕ್ಕವಿಡುವ ಆ್ಯಪ್‌ಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಕೈಯಿಂದ ನಮೂದಿಸುವ ಆ್ಯಪ್: ಪ್ರತಿಯೊಂದು ವೆಚ್ಚದ ಮೊತ್ತ, ದಿನಾಂಕ ಮತ್ತು ಬಾಬತ್ತನ್ನು ಬಳಕೆದಾರರೇ ಬರೆಯಬೇಕು. ಶ್ರಮ ತುಸು ಹೆಚ್ಚು. ಆದರೆ ಬ್ಯಾಂಕಿನ ಯಾವ ವಿವರವನ್ನೂ ಕೊಡಬೇಕಾಗಿಲ್ಲ. ಬರೆಯುವ ಕ್ರಿಯೆಯೇ ಮನಸ್ಸಿಗೆ ಎಚ್ಚರಿಕೆ ನೀಡುತ್ತದೆ.

2. ಸಂದೇಶಗಳನ್ನು ಓದುವ ಆ್ಯಪ್: ಬ್ಯಾಂಕಿನಿಂದ ಬರುವ ಕಿರುಸಂದೇಶಗಳನ್ನು ಓದಿ ತಾನೇ ಲೆಕ್ಕ ಸಿದ್ಧಪಡಿಸುತ್ತದೆ. ಅನುಕೂಲ ಹೆಚ್ಚು. ಆದರೆ ಫೋನಿನ ಸಂದೇಶಗಳನ್ನೆಲ್ಲ ಓದಲು ಅನುಮತಿ ಕೊಟ್ಟಂತಾಗುತ್ತದೆಂಬುದನ್ನು ಮರೆಯಬಾರದು.

3. ಪಾವತಿ ಆ್ಯಪ್‌ನಲ್ಲಿಯೇ ಇರುವ ಸೌಲಭ್ಯ: 2025ರ ಮಾರ್ಚ್ 25ರಂದು ಬಿಡುಗಡೆಯಾದ ಭೀಮ್ ಆ್ಯಪ್‌ನ ಮೂರನೆಯ ಆವೃತ್ತಿಯಲ್ಲಿ ತಿಂಗಳ ವೆಚ್ಚವನ್ನು ಬಾಬತ್ತುವಾರು ವಿಂಗಡಿಸಿ ತೋರಿಸುವ, ಕುಟುಂಬದ ಸದಸ್ಯರನ್ನು ಸೇರಿಸಿಕೊಂಡು ಒಟ್ಟು ವೆಚ್ಚವನ್ನು ಗಮನಿಸುವ ಹಾಗೂ ಒಂದು ಬಿಲ್ಲನ್ನು ಹಲವರ ನಡುವೆ ಹಂಚುವ ಸೌಲಭ್ಯಗಳನ್ನು ಒದಗಿಸಲಾಗಿದೆ. ಈ ಆ್ಯಪ್ ಕನ್ನಡದಲ್ಲಿಯೂ ಲಭ್ಯ.

4. ಅಕೌಂಟ್ ಅಗ್ರಿಗೇಟರ್ ಮೂಲಕ ವಿವರ ಪಡೆಯುವ ಆ್ಯಪ್: ಭಾರತೀಯ ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ರೂಪಿಸಿದ ಈ ವ್ಯವಸ್ಥೆ 2021ರ ಸೆಪ್ಟೆಂಬರ್‌ನಲ್ಲಿ ಬಳಕೆಗೆ ಬಂದಿತು. ಖಾತೆದಾರರ ಒಪ್ಪಿಗೆಯ ಮೇರೆಗೆ, ಒಪ್ಪಿದ ಅವಧಿಗೆ ಮಾತ್ರ, ಬೇರೆ ಬೇರೆ ಬ್ಯಾಂಕುಗಳಲ್ಲಿರುವ ಖಾತೆಗಳ ವಿವರ ಒಂದೆಡೆ ದೊರೆಯುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂಬಹುದು.

ಹೊಸದಾಗಿ ಆರಂಭಿಸುವವರು ಮೊದಲ ಮೂರು ತಿಂಗಳು ಒಂದನೆಯ ಬಗೆಯನ್ನೇ ಅನುಸರಿಸುವುದು ಉತ್ತಮ. ಸ್ಮಾರ್ಟ್‌ಫೋನ್ ಇಲ್ಲದವರು ನಿರಾಶರಾಗಬೇಕಾಗಿಲ್ಲ. ಇಲ್ಲಿ ಹೇಳಿದ ಕ್ರಮವನ್ನೆಲ್ಲ ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿಯೂ ಪಾಲಿಸಬಹುದು.

ಒಂದು ಕುಟುಂಬದ ಆಯವ್ಯಯ

ವಿಷಯ ಸ್ಪಷ್ಟವಾಗಲೆಂದು ನಾಗಪುರದ ಪ್ರತಾಪ ನಗರದಲ್ಲಿ ಬಾಡಿಗೆ ಮನೆಯಲ್ಲಿ ವಾಸಿಸುವ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಶಾಲಾಮಕ್ಕಳು. ಕೈಗೆ ಬರುವ ಸಂಬಳ ತಿಂಗಳಿಗೆ 42,000 ರೂ. ತಿಂಗಳ ಆರಂಭದಲ್ಲಿ ಅವರು ಆ್ಯಪ್‌ನಲ್ಲಿ ಹೀಗೆ ಮಿತಿಗಳನ್ನು ನಿಗದಿಪಡಿಸುತ್ತಾರೆ:

ಮನೆ ಬಾಡಿಗೆ – 11,000 ರೂ.
ದಿನಸಿ, ಹಾಲು, ತರಕಾರಿ – 10,500 ರೂ.
ವಿದ್ಯುತ್ತು, ನೀರು, ಅಡುಗೆ ಅನಿಲ, ಫೋನು – 3,500 ರೂ.
ಮಕ್ಕಳ ಶಿಕ್ಷಣ – 5,000 ರೂ.
ಪೆಟ್ರೋಲು, ಪ್ರಯಾಣ – 2,500 ರೂ.
ವೈದ್ಯರು, ಔಷಧ – 1,500 ರೂ.
ಊರಿನಲ್ಲಿರುವ ತಂದೆತಾಯಿಗೆ – 2,000 ರೂ.
ಉಳಿತಾಯ – 4,000 ರೂ.
ಇತರ – 2,000 ರೂ.
ಒಟ್ಟು – 42,000 ರೂ.

ತಿಂಗಳ ಕೊನೆಯಲ್ಲಿ ನೋಡಿದಾಗ ಉಳಿದ ಬಾಬತ್ತುಗಳೆಲ್ಲ ಮಿತಿಯಲ್ಲಿವೆ. 'ಇತರ' ಎಂಬ ಬಾಬತ್ತು ಮಾತ್ರ 5,300 ರೂಪಾಯಿಗೆ ಏರಿದೆ. ಆ್ಯಪ್‌ನಲ್ಲಿ ಅದನ್ನು ಬಿಡಿಸಿ ನೋಡಿದರೆ ವಿವರ ಹೀಗಿದೆ: ದಿನಕ್ಕೆ 40 ರೂಪಾಯಿಯಂತೆ 26 ದಿನಗಳ ಚಹಾ-ತಿಂಡಿ 1,040 ರೂ.; ನಾಲ್ಕು ಭಾನುವಾರ ಹೊರಗಿನಿಂದ ತರಿಸಿದ ಊಟ 1,800 ರೂ.; ತಾನೇ ತಾನಾಗಿ ಕಡಿತವಾಗುವ ಮನರಂಜನೆಯ ಚಂದಾ 460 ರೂ.; ಫೋನಿನಲ್ಲಿ ಮಾಡಿದ ಸಣ್ಣಪುಟ್ಟ ಖರೀದಿ 2,000 ರೂ. ಇವುಗಳಲ್ಲಿ ಯಾವುದೂ ದೊಡ್ಡ ವೆಚ್ಚವಲ್ಲ. ಆದರೂ ಮಿತಿಗಿಂತ 3,300 ರೂ. ಹೆಚ್ಚಾಗಿ, 4,000 ರೂಪಾಯಿಯ ಉಳಿತಾಯ 700 ರೂಪಾಯಿಗೆ ಇಳಿಯಿತು.

ಈಗ ಮಾಡಬೇಕಾದುದು ಒಬ್ಬರನ್ನೊಬ್ಬರು ದೂರುವ ಕೆಲಸವಲ್ಲ. ಮನೆಮಂದಿ ಒಟ್ಟಿಗೆ ಕುಳಿತು, ಯಾವುದು ಬೇಕು, ಯಾವುದನ್ನು ಬಿಡಬಹುದು ಎಂದು ನಿರ್ಧರಿಸಬೇಕು. ಹೊರಗಿನ ಊಟವನ್ನು ಎರಡು ಭಾನುವಾರಗಳಿಗೆ ಇಳಿಸಿದರೆ 900 ರೂ. ಉಳಿಯುತ್ತದೆ. ಯಾರೂ ನೋಡದ ಚಂದಾ ಸೇವೆಯನ್ನು ನಿಲ್ಲಿಸಬಹುದು. ಸಣ್ಣ ಖರೀದಿಗೆ ಮುನ್ನ ಎರಡು ದಿನ ಕಾಯುವ ನಿಯಮ ಇಟ್ಟುಕೊಳ್ಳಬಹುದು. ಮಿತಿಯನ್ನೂ ವಾಸ್ತವಕ್ಕೆ ಹೊಂದಿಸಬೇಕು. ಪಾಲಿಸಲಾಗದಷ್ಟು ಬಿಗಿಯಾದ ಆಯವ್ಯಯ ಎರಡನೆಯ ತಿಂಗಳಿಗೇ ಮೂಲೆಗೆ ಸೇರುತ್ತದೆ.

ವರ್ಷಕ್ಕೊಮ್ಮೆ ಬರುವ ವೆಚ್ಚಗಳು

ತಿಂಗಳ ಲೆಕ್ಕ ಸರಿಯಿದ್ದರೂ ಕುಟುಂಬಗಳು ಸಾಲಕ್ಕೆ ಸಿಲುಕಲು ಇನ್ನೊಂದು ಕಾರಣವಿದೆ. ಕೆಲವು ವೆಚ್ಚಗಳು ವರ್ಷಕ್ಕೊಮ್ಮೆ ಬರುತ್ತವೆ. ಅವು ಬರುವುದು ಖಚಿತವೆಂದು ತಿಳಿದಿದ್ದರೂ ನಾವು ಅವನ್ನು ಅನಿರೀಕ್ಷಿತವೆಂದು ಭಾವಿಸುತ್ತೇವೆ. ನಾಗಪುರದ ಬೇಸಿಗೆ ಅತ್ಯಂತ ಕಠಿಣ; ಮೇ ತಿಂಗಳಲ್ಲಿ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕೂಲರ್ ಇಲ್ಲದೆ ಮನೆಯಲ್ಲಿರುವುದು ಕಷ್ಟ. ಕೂಲರಿನ ದುರಸ್ತಿ, ಅದರ ಹುಲ್ಲಿನ ತಡಿಕೆಯ ಬದಲಾವಣೆ ಮತ್ತು ಏರಿದ ವಿದ್ಯುತ್ ಬಿಲ್ಲು ಒಟ್ಟಿಗೇ ಬರುತ್ತವೆ. ಬೇಸಿಗೆ ರಜೆಯಲ್ಲಿ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿನ ಕಡೆಗೆ ಹೊರಡುವ ಕುಟುಂಬಕ್ಕೆ ಪ್ರಯಾಣದ ವೆಚ್ಚವೂ ಅದೇ ಹೊತ್ತಿಗೆ ಸೇರುತ್ತದೆ. ಹಿಂದೆಯೇ ಶಾಲೆ ಆರಂಭವಾಗುತ್ತದೆ.

ನಮ್ಮ ಕಲ್ಪಿತ ಕುಟುಂಬದ ವಾರ್ಷಿಕ ಪಟ್ಟಿ ಹೀಗಿರಲಿ: ಶಾಲೆಯ ಪುಸ್ತಕ, ಸಮವಸ್ತ್ರ 9,000 ರೂ.; ಊರಿನ ಪ್ರಯಾಣ 8,000 ರೂ.; ಕೂಲರ್ ಮತ್ತು ಬೇಸಿಗೆಯ ಹೆಚ್ಚುವರಿ ವಿದ್ಯುತ್ತು 5,400 ರೂ.; ಹಬ್ಬಗಳು 4,000 ರೂ.; ಸ್ಕೂಟರಿನ ವಿಮೆ, ದುರಸ್ತಿ 3,600 ರೂ. ಒಟ್ಟು 30,000 ರೂ. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 2,500 ರೂ. ಎಂದರೆ, ಉಳಿತಾಯವೆಂದು ಬರೆದ 4,000 ರೂಪಾಯಿಯಲ್ಲಿ 2,500 ರೂ. ಮುಂದಿನ ವೆಚ್ಚಕ್ಕೆ ಈಗಾಗಲೇ ಮೀಸಲಾಗಿದೆ. ನಿಜವಾದ ಉಳಿತಾಯ 1,500 ರೂ. ಮಾತ್ರ. ಅದು 700ಕ್ಕೆ ಇಳಿದ ತಿಂಗಳಲ್ಲಿ ಈ ಕುಟುಂಬ ಏನನ್ನೂ ಉಳಿಸಲಿಲ್ಲ. ಮೀಸಲು ಹಣದಲ್ಲಿಯೂ 1,800 ರೂ. ಕೊರತೆ ಬಿದ್ದಿತು. ಈ ಕೊರತೆ ಕೆಲವು ತಿಂಗಳು ಮುಂದುವರಿದರೆ ಜೂನ್ ತಿಂಗಳಲ್ಲಿ ಸಾಲ ಮಾಡದೆ ಗತ್ಯಂತರವಿಲ್ಲ. ಆದಕಾರಣ ಆ್ಯಪ್‌ನಲ್ಲಿ 'ವಾರ್ಷಿಕ ಮೀಸಲು' ಮತ್ತು 'ಆಪತ್ತಿನ ನಿಧಿ' ಎಂದು ಎರಡು ಪ್ರತ್ಯೇಕ ಬಾಬತ್ತುಗಳನ್ನು ತೆರೆಯುವುದು ಅವಶ್ಯ.

ಲೆಕ್ಕ ತಪ್ಪುವ ಎಡೆಗಳು

ಅ) ಎಟಿಎಂನಿಂದ ತೆಗೆದ ಹಣ ಖರ್ಚಲ್ಲ, ಬ್ಯಾಂಕಿನಿಂದ ಕೈಗೆ ಬಂದ ವರ್ಗಾವಣೆಯಷ್ಟೆ. ಅದನ್ನು ಏತಕ್ಕೆ ಕೊಟ್ಟೆವೆಂಬುದನ್ನು ಮಾತ್ರ ಖರ್ಚೆಂದು ಬರೆಯಬೇಕು.

ಆ) ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ವಸ್ತುವನ್ನು ಕೊಂಡ ದಿನವೇ ಖರ್ಚೆಂದು ನಮೂದಿಸಿ. ಮುಂದೆ ಬಿಲ್ಲು ಕಟ್ಟಿದಾಗ ಮತ್ತೆ ಖರ್ಚೆಂದು ಬರೆದರೆ ಒಂದೇ ವೆಚ್ಚ ಎರಡು ಬಾರಿ ಲೆಕ್ಕಕ್ಕೆ ಸೇರುತ್ತದೆ.

ಇ) ಯುಪಿಐ ಲೈಟ್ ಮೂಲಕ ಮಾಡಿದ ಸಣ್ಣ ಪಾವತಿಗಳು ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಒಂದೊಂದಾಗಿ ಕಾಣಿಸುವುದಿಲ್ಲ, ಲೈಟ್ ಖಾತೆಗೆ ತುಂಬಿದ ಮೊತ್ತ ಮಾತ್ರ ಕಾಣಿಸುತ್ತದೆ. ಅವುಗಳ ವಿವರವನ್ನು ಪಾವತಿ ಆ್ಯಪ್‌ನಲ್ಲಿಯೇ ನೋಡಿ ಬರೆದುಕೊಳ್ಳಬೇಕು.

ಈ) ವಿಫಲವಾದ ಪಾವತಿಯ ಹಣ ಮರಳಿ ಬಂದಿದೆಯೇ ಎಂದು ಪರಿಶೀಲಿಸಿ. ರಿಸರ್ವ್ ಬ್ಯಾಂಕ್ 2019ರಲ್ಲಿ ಹೊರಡಿಸಿದ ಆದೇಶದಂತೆ, ಯುಪಿಐ ಮೂಲಕ ವ್ಯಾಪಾರಿಗೆ ಸಲ್ಲಿಸಿದ ಹಣ ನಮ್ಮ ಖಾತೆಯಿಂದ ಕಡಿತವಾಗಿಯೂ ಅವರಿಗೆ ದೃಢೀಕರಣ ತಲಪದಿದ್ದರೆ, ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಅದು ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲುತ್ತದೆ. ದಿನದಿನದ ಲೆಕ್ಕ ಇಟ್ಟವರಿಗೆ ಮಾತ್ರ ಇಂತಹ ಹಣ ಮರಳಿತೋ ಇಲ್ಲವೋ ಎಂಬುದು ಗಮನಕ್ಕೆ ಬರುತ್ತದೆ.

ಸುರಕ್ಷತೆ

ಖರ್ಚಿನ ಲೆಕ್ಕವಿಡುವ ಆ್ಯಪ್‌ಗೆ ಯುಪಿಐ ಪಿನ್, ಒಟಿಪಿ, ಕಾರ್ಡಿನ ಹಿಂಬದಿಯ ಸಂಖ್ಯೆ ಅಥವಾ ಬ್ಯಾಂಕಿನ ಗುಪ್ತಪದದ ಅಗತ್ಯವಿಲ್ಲ. ಇವುಗಳನ್ನು ಕೇಳುವ ಆ್ಯಪ್ ಅನ್ನು ಕೂಡಲೇ ತೆಗೆದುಹಾಕಬೇಕು. ಫೋನಿನ ಸಂಪರ್ಕಪಟ್ಟಿ, ಛಾಯಾಚಿತ್ರಗಳು ಹಾಗೂ ಧ್ವನಿಗ್ರಹಣಕ್ಕೆ ಅನುಮತಿ ಕೇಳಿದರೆ ನಿರಾಕರಿಸಬೇಕು. ಆ್ಯಪ್ ಅನ್ನು ಅಧಿಕೃತ ಮಳಿಗೆಯಿಂದ ಮಾತ್ರ ಪಡೆಯಬೇಕು; ಯಾರೋ ಕಳುಹಿಸಿದ ಕೊಂಡಿಯಿಂದ ಪಡೆಯಬಾರದು.

ಕೆಲವು ಲೆಕ್ಕದ ಆ್ಯಪ್‌ಗಳು ಕೊರತೆಯ ತಿಂಗಳಲ್ಲಿ 'ತಕ್ಷಣ ಸಾಲ'ದ ಆಮಿಷ ಒಡ್ಡುತ್ತವೆ. ಈ ಹೊತ್ತಿನಲ್ಲಿಯೇ ಹೆಚ್ಚಿನ ವಿವೇಕ ಬೇಕು. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ವಾರ್ಷಿಕ ಬಡ್ಡಿ ಮತ್ತು ಶುಲ್ಕಗಳನ್ನೆಲ್ಲ ಒಳಗೊಂಡ ವಿವರಪತ್ರವನ್ನು ಸಾಲಗಾರರಿಗೆ ಮೊದಲೇ ಕೊಡಬೇಕು. ಸಾಲ ನೀಡುವ ಆ್ಯಪ್ ಸಂಪರ್ಕಪಟ್ಟಿಯನ್ನೂ ಕರೆಗಳ ದಾಖಲೆಯನ್ನೂ ನೋಡಕೂಡದು. ಈ ನಿಯಮವನ್ನು ಮೀರುವ ಆ್ಯಪ್‌ನಿಂದ ದೂರವಿರಬೇಕು. ಆನ್‌ಲೈನ್ ಹಣಕಾಸು ವಂಚನೆಯಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಬೇಕು.

ಫೋನು ಕಳೆದರೆ ವರ್ಷದ ಲೆಕ್ಕವೂ ಕಳೆದೀತು. ಆದ್ದರಿಂದ ತಿಂಗಳಿಗೊಮ್ಮೆ ಒಟ್ಟು ಮೊತ್ತಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಕ್ಷೇಮ.

ನೆನಪಿಡಬೇಕಾದ ಕ್ರಮ

• ಪ್ರತಿದಿನ ರಾತ್ರಿ ಐದು ನಿಮಿಷ: ಅಂದಿನ ಖರ್ಚಿನ ನಮೂದು.
• ಪ್ರತಿವಾರ ಹದಿನೈದು ನಿಮಿಷ: ಮಿತಿ ಸಮೀಪಿಸಿದ ಬಾಬತ್ತುಗಳ ಪರಿಶೀಲನೆ.
• ಪ್ರತಿತಿಂಗಳು ಒಂದು ಗಂಟೆ: ಮನೆಮಂದಿಯೊಡನೆ ಚರ್ಚೆ, ಮುಂದಿನ ತಿಂಗಳ ಮಿತಿ.
• ಸಂಬಳ ಬಂದ ದಿನವೇ ಮೀಸಲು ಹಣವನ್ನು ಬೇರೆ ಖಾತೆಗೆ ವರ್ಗಾಯಿಸುವುದು.

ಲೆಕ್ಕದ ಹೊಣೆ ಒಬ್ಬರದೇ ಆಗಬಾರದು. ಗಂಡನ ಫೋನಿನಲ್ಲಿರುವ ಲೆಕ್ಕ ಹೆಂಡತಿಗೆ ತಿಳಿಯದಿದ್ದರೆ, ಅಥವಾ ಹೆಂಡತಿ ಮಾಡಿದ ಉಳಿತಾಯ ಗಂಡನ ಅರಿವಿಗೆ ಬಾರದಿದ್ದರೆ, ಅದು ಮನೆಯ ಲೆಕ್ಕವಾಗಲಾರದು. ಹೈಸ್ಕೂಲಿನ ಮಕ್ಕಳಿಗೂ ವಿದ್ಯುತ್ ಬಿಲ್ಲಿನ ಮೊತ್ತ ತಿಳಿದಿರಲಿ. ದೀಪ ಆರಿಸಬೇಕೆಂಬುದನ್ನು ಆಗ ಅವರಿಗೆ ಪದೇ ಪದೇ ಹೇಳಬೇಕಾಗುವುದಿಲ್ಲ. ಆ್ಯಪ್ ಅಂಕಿಗಳನ್ನು ಕೂಡಿಸಿ ಕೊಡುತ್ತದೆ. ಆ ಅಂಕಿಗಳನ್ನು ಮುಂದಿಟ್ಟುಕೊಂಡು ತೀರ್ಮಾನ ಕೈಗೊಳ್ಳಬೇಕಾದವರು ಮನೆಯವರೇ. ಹನಿಗೂಡಿ ಹಳ್ಳವಾಗುವಂತೆ, ಇಂದು ರಾತ್ರಿ ಬರೆದ ನಾಲ್ಕು ಸಾಲಿನ ಲೆಕ್ಕವೇ ಬರುವ ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಸಾಲವಿಲ್ಲದ ಹಣವಾಗಿ ಒದಗುತ್ತದೆ.