ಸಮನ್ಸ್ ಬಂತೆಂದು ಗಾಬರಿಯಾದ ಮಗಳಿಗೆ

ಚಿ. ಸೌ. ಸುಮಾಳಿಗೆ,

 

ಭಾನುವಾರ ನೀನು ಫೋನ್ ಮಾಡಿ, "ಕೋರ್ಟಿಂದ ಜ್ಯೂರಿ ಸಮನ್ಸ್ ಬಂದಿದೆ ದೊಡ್ಡಪ್ಪ, ತಪ್ಪಿಸಿಕೊಳ್ಳೋದು ಹೇಗೆ?" ಎಂದು ಕೇಳಿದೆ. ಆಫೀಸಿನಲ್ಲಿ ರಿಲೀಸ್ ಇದೆ, ಮಗುವನ್ನು ಡೇಕೇರಿನಿಂದ ಕರೆತರಬೇಕು, ಗೆಳತಿಯೊಬ್ಬಳು "ನನಗೆ ಪೊಲೀಸರ ಮೇಲೆ ನಂಬಿಕೆ ಇಲ್ಲ ಅಂದುಬಿಡು, ಅವರೇ ಮನೆಗೆ ಕಳಿಸ್ತಾರೆ" ಎಂದು ಹೇಳಿಕೊಟ್ಟಿದ್ದಾಳೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಆಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಇದಲ್ಲ. ನಮ್ಮ ಕನ್ನಡದ ಹುಡುಗ ಹುಡುಗಿಯರು ಎಷ್ಟೋ ಮಂದಿ ನನ್ನನ್ನು ಇದೇ ಪ್ರಶ್ನೆ ಕೇಳಿದ್ದಾರೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದಲಿ ಎಂದು ಅಚ್ಚಿಗೆ ಕೊಡುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ಅಮೆರಿಕದ ಪೌರತ್ವದ ಇಂಟರ್‌ವ್ಯೂಗೆ ಮುಂಚೆ ನೀನು ನಮ್ಮ ಮನೆಯ ಊಟದ ಮೇಜಿನ ಮೇಲೆ ಪ್ರಶ್ನೆಗಳ ಪಟ್ಟಿ ಹರಡಿಕೊಂಡು ಉರು ಹೊಡೆದೆಯಲ್ಲ, ಅದರಲ್ಲೊಂದು ಪ್ರಶ್ನೆ ಇತ್ತು: ನಾಗರಿಕರಿಗೆ ಮಾತ್ರ ಇರುವ ಒಂದು ಹೊಣೆ ಯಾವುದು? ನಾನು ಕೇಳಿದೆ, ನೀನು ಥಟ್ಟನೆ "ಜ್ಯೂರಿಯಲ್ಲಿ ಕೂರುವುದು" ಎಂದೆ. ಮತ ಹಾಕುವುದು ಎಂದಿದ್ದರೂ ಸರಿಯೇ ಆಗುತ್ತಿತ್ತು. ಆದರೆ ನಿನ್ನ ಬಾಯಿಗೆ ಮೊದಲು ಬಂದದ್ದು ಜ್ಯೂರಿ. ಗ್ರೀನ್ ಕಾರ್ಡ್ ಇಟ್ಟುಕೊಂಡು ಹತ್ತು ವರ್ಷ ತೆರಿಗೆ ಕಟ್ಟಿದೆ. ಆಗ ಒಮ್ಮೆಯೂ ನಿನ್ನನ್ನು ಯಾರೂ ಆ ಕುರ್ಚಿಗೆ ಕರೆಯಲಿಲ್ಲ. ಈಗ ಕರೆದಿದ್ದಾರೆ.

ಭಾರತದಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಂದ ಜ್ಯೂರಿ ಪದ್ಧತಿ ಹೊರಟುಹೋಗಿ ಐವತ್ತು ವರ್ಷದ ಮೇಲಾಯಿತು. ನಾವು ಬೆಳೆದದ್ದು "ಕೋರ್ಟು ಕಚೇರಿ ಮೆಟ್ಟಿಲು ಹತ್ತಬಾರದಪ್ಪ" ಎಂಬ ಮಾತು ಕೇಳಿಕೊಂಡು. ಹಾಗಾಗಿ ಆ ಲಕೋಟೆ ನೋಡಿದರೆ ನಿನಗೆ ಎದೆ ಧಸಕ್ಕೆನ್ನುವುದು ಸಹಜ. ಈ ದೇಶದ ಬುನಾದಿಯಲ್ಲಿ ಮಾತ್ರ ಆ ಲಕೋಟೆಗೆ ದೊಡ್ಡ ಜಾಗವಿದೆ. 1776ರಲ್ಲಿ ವಸಾಹತುಗಳು ಇಂಗ್ಲೆಂಡಿನ ದೊರೆಯ ಮೇಲೆ ದೂರುಗಳ ಪಟ್ಟಿ ಬರೆದವಲ್ಲ, ಸ್ವಾತಂತ್ರ್ಯ ಘೋಷಣೆ ಎನ್ನುತ್ತೇವಲ್ಲ, ಅದರಲ್ಲಿ ಜ್ಯೂರಿ ವಿಚಾರಣೆಯನ್ನು ಜನರಿಂದ ಕಿತ್ತುಕೊಂಡದ್ದೂ ಒಂದು ದೂರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನದ ಮೂಲ ಪಾಠದಲ್ಲೇ ಕ್ರಿಮಿನಲ್ ಕೇಸಿಗೆ ಜ್ಯೂರಿ ಬೇಕೆಂದಿದೆ. 1791ರಲ್ಲಿ ಸೇರಿದ ಹಕ್ಕುಗಳ ಮಸೂದೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಶಾಸಕಾಂಗಕ್ಕೆ ನೀನು ಪ್ರತಿನಿಧಿಯನ್ನು ಕಳಿಸುತ್ತೀಯ. ಕಾರ್ಯಾಂಗಕ್ಕೆ ಅಧ್ಯಕ್ಷನನ್ನೋ ಗವರ್ನರನನ್ನೋ ಆರಿಸುತ್ತೀಯ. ಚುನಾವಣೆಗೆ ನಿಲ್ಲದ ಸಾಮಾನ್ಯ ಮನುಷ್ಯ ಸ್ವತಃ ಹೋಗಿ ಕೂತು ಸರ್ಕಾರದ ಅಧಿಕಾರ ಚಲಾಯಿಸುವುದು ನ್ಯಾಯಾಂಗದಲ್ಲಿ, ಜ್ಯೂರಿಯ ಈ ಹನ್ನೆರಡು ಕುರ್ಚಿಗಳಲ್ಲಿ.

ಆ ಅಧಿಕಾರ ಎಷ್ಟು ದೊಡ್ಡದು ಎಂಬುದಕ್ಕೆ 1735ರ ನ್ಯೂಯಾರ್ಕಿನ ಒಂದು ಕೇಸು ಹೇಳುತ್ತೇನೆ. ಜಾನ್ ಪೀಟರ್ ಝೆಂಗರ್ ಎಂಬ ಜರ್ಮನ್ ವಲಸಿಗ, ವೃತ್ತಿಯಿಂದ ಮುದ್ರಕ. ಗವರ್ನರನನ್ನು ಟೀಕಿಸುವ ಬರಹಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದಕ್ಕೆ ತಿಂಗಳುಗಟ್ಟಲೆ ಜೈಲಿನಲ್ಲಿದ್ದ. ಪತ್ರಿಕೆ ನಿಲ್ಲದಂತೆ ನಡೆಸಿದವಳು ಹೆಂಡತಿ ಆನಾ. ಬರೆದದ್ದು ನಿಜವಾದರೂ ರಾಜದ್ರೋಹವೇ ಎಂಬುದು ಆಗಿನ ಕಾನೂನು. ಅಚ್ಚು ಹಾಕಿದ್ದು ಇವನೇ ಹೌದೋ ಅಲ್ಲವೋ, ಅಷ್ಟು ಹೇಳಿ, ಮಿಕ್ಕದ್ದು ನಮಗೆ ಬಿಡಿ ಎಂದು ನ್ಯಾಯಾಧೀಶರ ಅಪ್ಪಣೆ. ಹನ್ನೆರಡು ಜನ ಎದ್ದುಹೋಗಿ ಸ್ವಲ್ಪ ಹೊತ್ತಿಗೇ ಬಂದು, ತಪ್ಪಿತಸ್ಥನಲ್ಲ ಎಂದರು. ಪತ್ರಿಕಾ ಸ್ವಾತಂತ್ರ್ಯ ಸಂವಿಧಾನಕ್ಕೆ ಸೇರಿದ್ದು ಅದಾಗಿ 56 ವರ್ಷಕ್ಕೆ.

ಇನ್ನು ನನ್ನ ಅನುಭವ. 2009ರ ಫೆಬ್ರವರಿ. ನನಗೂ ನಿನ್ನ ಹಾಗೇ ಸಮನ್ಸ್ ಬಂತು. ನಮ್ಮ ನ್ಯೂಜೆರ್ಸಿಯಲ್ಲಿ ಆಗ ಮೊದಲ ದಿನಗಳಿಗೆ ದಿನಕ್ಕೆ ಐದು ಡಾಲರ್ ಕೊಡುತ್ತಿದ್ದರು. ಒಂದು ಗೋದಾಮಿನಿಂದ ಸಾಮಾನು ಕದ್ದ ಆರೋಪ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಹುಡುಗ. ಅವನಿಗೆ ಕೋಟು ದೊಡ್ಡದಾಗಿತ್ತು, ತೋಳು ಬೆರಳ ತನಕ ಇಳಿದಿತ್ತು. ಸಾಕ್ಷಿ ಎಂದರೆ ಒಬ್ಬ ಕಾವಲುಗಾರ. ರಾತ್ರಿ ಪಾರ್ಕಿಂಗ್ ಲಾಟಿನ ಆಚೆ ಕಡೆಯಿಂದ ಓಡಿಹೋದವನು ಇವನೇ, ಮುಖ ನೋಡಿದ್ದೇನೆ ಎಂದ.

ಹುಡುಗ ಸಾಕ್ಷಿ ಹೇಳಲಿಲ್ಲ. ವಿಚಾರಣೆಯ ಮೂರು ದಿನವೂ ಬಾಯಿ ಬಿಡಲಿಲ್ಲ. "ಮೌನಂ ಸಮ್ಮತಿ ಲಕ್ಷಣಂ" ಎಂದು ಕೇಳಿ ಬೆಳೆದವನು ನಾನು. ತಪ್ಪಿಲ್ಲದಿದ್ದರೆ ಎದ್ದು ಹೇಳಬಹುದಿತ್ತಲ್ಲ ಎಂದು ಒಳಗೇ ತೀರ್ಮಾನವಾಗಿತ್ತು. ನ್ಯಾಯಾಧೀಶರು ನಮ್ಮನ್ನು ಒಳಗೆ ಕಳಿಸುವ ಮುಂಚೆ, ಅವನು ಸುಮ್ಮನಿದ್ದುದನ್ನು ಅವನ ವಿರುದ್ಧ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎಂದು ನಿಧಾನವಾಗಿ ಹೇಳಿದರು. ಸಂವಿಧಾನದ ಐದನೇ ತಿದ್ದುಪಡಿ. ಇಂಟರ್‌ವ್ಯೂಗೆ ಓದಿದ್ದೆ, ಆದರೆ ಅದರ ಅರ್ಥ ನನಗೆ ಆವತ್ತಿನ ತನಕ ಆಗಿರಲಿಲ್ಲ. ಆರೋಪ ಹೊರಿಸಿದವರು ಸರ್ಕಾರ. ಸಾಬೀತು ಮಾಡಬೇಕಾದವರೂ ಅವರೇ. ಅವನು ಏನನ್ನೂ ಸಾಬೀತು ಮಾಡಬೇಕಿಲ್ಲ.

ಒಳಗಿನ ಕೋಣೆಯಲ್ಲಿ ಉದ್ದ ಮೇಜು, ಕಿಟಕಿಯಾಚೆ ಕೊಚ್ಚೆಯಾದ ಹಿಮ. ಮೊದಲ ಸುತ್ತಿನಲ್ಲಿ ಕೈ ಎತ್ತಿದಾಗ ಹತ್ತು ಜನ ಅಪರಾಧಿ ಎಂದರು. ಆ ಹತ್ತರಲ್ಲಿ ನಾನೂ ಒಬ್ಬ. ಇದನ್ನು ಹೇಳುವುದಕ್ಕೆ ನನಗೆ ಈಗಲೂ ಸಂಕಟ. ಮನೆಗೆ ಹೋಗುವ ಆತುರವಿತ್ತು ಸುಮಾ, ಅಷ್ಟೇ. ಕೈ ಎತ್ತದ ಇಬ್ಬರಲ್ಲಿ ಒಬ್ಬಾಕೆ ಶಾಲಾ ಬಸ್ ಓಡಿಸಿ ನಿವೃತ್ತರಾದವರು, ಎಪ್ಪತ್ತರ ಹತ್ತಿರ ವಯಸ್ಸು. ಅವರು ಯಾರ ಮೇಲೂ ರೇಗಲಿಲ್ಲ. ಪಾರ್ಕಿಂಗ್ ಲಾಟಿನ ಫೋಟೋ ತರಿಸಿ ಮೇಜಿನ ನಡುವೆ ಇಟ್ಟರು. ದೀಪದ ಕಂಬದಿಂದ ಕಳ್ಳ ಓಡಿದ ಜಾಗಕ್ಕೆ ತಮ್ಮ ಪೆನ್ನನ್ನು ಅಡ್ಡ ಮಲಗಿಸಿದರು. ಕಾವಲುಗಾರ ನಿಂತಿದ್ದ ಕಡೆ ಒಂದು ನಾಣ್ಯ ಇಟ್ಟರು. ದೀಪ ಓಡುವವನ ಬೆನ್ನ ಹಿಂದೆ ಇತ್ತು. ಅವನು ಇತ್ತ ತಿರುಗಿದ್ದರೂ ಮುಖ ಕತ್ತಲಲ್ಲೇ. "ನಾನು ಮೂವತ್ತು ವರ್ಷ ಬೆಳಗಿನ ಜಾವ ಕತ್ತಲಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿದವಳು, ಹಿಂದೆ ಬೆಳಕಿದ್ದರೆ ನನ್ನ ಮೊಮ್ಮಗನನ್ನೇ ಗುರುತಿಸುವುದು ಕಷ್ಟ" ಎಂದರು.

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಜನರೂ ಒಂದೇ ಮಾತಿಗೆ ಬಂದೆವು: ಅಪರಾಧ ಸಾಬೀತಾಗಿಲ್ಲ. ಅವನು ನಿಜಕ್ಕೂ ಕದ್ದಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮನ್ನು ಕೇಳಿದ್ದು ಅದನ್ನಲ್ಲ. ಒಬ್ಬ ಹುಡುಗನ ಆಯುಸ್ಸಿನ ಕೆಲವು ವರ್ಷಗಳನ್ನು ಕಿತ್ತುಕೊಳ್ಳುವಷ್ಟು ಗಟ್ಟಿ ಪುರಾವೆ ಸರ್ಕಾರದ ಕೈಯಲ್ಲಿದೆಯೇ ಎಂದು ಕೇಳಿದ್ದರು.

ಆಕೆಯೂ ನಿನ್ನ ಹಾಗೆ ಏನಾದರೂ ನೆಪ ಹೇಳಿ ಮನೆಯಲ್ಲಿ ಉಳಿದಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೂರಬೇಕಾದವರು ಕೂರದೇ ಹೋದರೆ ಏನಾಗುತ್ತದೆ ಎಂಬುದನ್ನೂ ಈ ದೇಶ ನೋಡಿದೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಕೊಂದರು. ಸಮ್ನರ್ ಊರಿನ ಕೋರ್ಟಿನಲ್ಲಿ ಕೂತ ಹನ್ನೆರಡು ಜ್ಯೂರಿಗಳೂ ಬಿಳಿಯ ಗಂಡಸರು. ಸುಮಾರು ಒಂದು ಗಂಟೆಯಲ್ಲಿ ಇಬ್ಬರು ಆರೋಪಿಗಳನ್ನೂ ಬಿಟ್ಟುಬಿಟ್ಟರು. ಆ ಕೌಂಟಿಯಲ್ಲಿ ಕಪ್ಪು ಜನರೇ ಹೆಚ್ಚು. ಆದರೆ ಅವರಿಗೆ ಮತದಾರರ ಪಟ್ಟಿಗೆ ಸೇರಲು ಬಿಟ್ಟಿರಲಿಲ್ಲ, ಪಟ್ಟಿಯಲ್ಲಿಲ್ಲದವರಿಗೆ ಜ್ಯೂರಿಯೂ ಇಲ್ಲ. ಆ ರಾಜ್ಯದಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂರುವಂತಾದದ್ದು 1968ರಲ್ಲಿ. ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಆ ಇಬ್ಬರೂ ಹಣ ಪಡೆದು, ಕೊಂದದ್ದು ನಾವೇ ಎಂದು ಪತ್ರಿಕೆಯೊಂದಕ್ಕೆ ಹೇಳಿಕೊಂಡರು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಇಲ್ಲ ಎಂದು ಅದೇ ಐದನೇ ತಿದ್ದುಪಡಿ ಹೇಳುತ್ತದೆ. ನನ್ನ ಮುಂದಿದ್ದ ಹುಡುಗನನ್ನು ಕಾಪಾಡಿದ ತಿದ್ದುಪಡಿಯೇ ಅವರನ್ನೂ ಕಾಪಾಡಿತು. ಇದನ್ನು ಓದಿದ ಮೇಲೆ, ಸಂವಿಧಾನ ಚೆನ್ನಾಗಿ ಬರೆದಿದ್ದರೆ ಸಾಕು ಎಂಬ ನಂಬಿಕೆ ನನ್ನಲ್ಲಿ ಉಳಿಯಲಿಲ್ಲ. ಆ ಹನ್ನೆರಡು ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ ಎಂದು ನೋಡಬೇಕು.

ನಮ್ಮವರಿಗೂ ಆ ಕುರ್ಚಿ ಸುಲಭವಾಗಿ ಸಿಕ್ಕಿದ್ದಲ್ಲ. 1790ರ ಕಾನೂನಿನ ಪ್ರಕಾರ ವಲಸೆ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ. ಪಂಜಾಬಿನ ಭಗತ್ ಸಿಂಗ್ ಥಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟವರು. 1923ರಲ್ಲಿ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರ ಲೆಕ್ಕಕ್ಕೆ ಬರುವುದಿಲ್ಲ, ಇವರಿಗೆ ಪೌರತ್ವವಿಲ್ಲ ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಅದಾಗಲೇ ನಾಗರಿಕರಾಗಿದ್ದ ಹಲವು ಭಾರತೀಯರಿಂದ ಪೌರತ್ವವನ್ನು ವಾಪಸು ಕಿತ್ತುಕೊಂಡರು. 1946ರ ತನಕ ಈ ಬಾಗಿಲು ಮುಚ್ಚಿತ್ತು. 1920ರಲ್ಲೇ ಓದಲು ಬಂದಿದ್ದ ದಲೀಪ್ ಸಿಂಗ್ ಸೌಂದ್ ಗಣಿತದಲ್ಲಿ ಡಾಕ್ಟರೇಟ್ ಪಡೆದೂ ಕ್ಯಾಲಿಫೋರ್ನಿಯಾದಲ್ಲಿ ಹೊಲ ಮಾಡಿಕೊಂಡಿದ್ದರು. 1949ರಲ್ಲಿ ನಾಗರಿಕರಾದರು. ಮರುವರ್ಷ ಊರಿನವರು ಅವರನ್ನು ಚಿಕ್ಕ ಕೋರ್ಟಿನ ನ್ಯಾಯಾಧೀಶರಾಗಿ ಆರಿಸಿದರೆ, ಪೌರತ್ವ ಬಂದು ವರ್ಷ ತುಂಬಿಲ್ಲ ಎಂದು ಆ ಕುರ್ಚಿಯನ್ನೂ ತಪ್ಪಿಸಿದರು. ಅವರು ಮತ್ತೆ ನಿಂತು, ಗೆದ್ದು, ಕೂತರು. 1956ರಲ್ಲಿ ಕಾಂಗ್ರೆಸ್ಸಿಗೇ ಆಯ್ಕೆಯಾದರು. ನಿನ್ನ ಕೈಯಲ್ಲಿರುವಂಥ ಸಮನ್ಸ್ ಬರುವ ಅರ್ಹತೆಗೇ ಅವರು ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು.

ನೀನಿರುವ ನ್ಯೂಜೆರ್ಸಿಯ ಕಥೆಯೂ ಒಂದಿದೆ. 1776ರಲ್ಲಿ ಈ ರಾಜ್ಯ ಬರೆದುಕೊಂಡ ಸಂವಿಧಾನದಲ್ಲಿ, ಐವತ್ತು ಪೌಂಡ್ ಆಸ್ತಿಯುಳ್ಳ ನಿವಾಸಿಗಳೆಲ್ಲರಿಗೂ ಮತವಿತ್ತು. ಗಂಡಸರು ಎಂಬ ಮಾತಿರಲಿಲ್ಲ. ಆಸ್ತಿಯುಳ್ಳ ವಿಧವೆಯರು, ಮದುವೆಯಾಗದ ಹೆಂಗಸರು, ಗುಲಾಮರಲ್ಲದ ಕಪ್ಪು ಜನ ಮತ ಹಾಕಿದರು. 1807ರಲ್ಲಿ ಒಂದು ಕಾನೂನು ಮಾಡಿ, ಬಿಳಿಯ ಗಂಡಸರಿಗೆ ಮಾತ್ರ ಎಂದುಬಿಟ್ಟರು. ಹೆಂಗಸರು ಮತ್ತೆ ಮತಗಟ್ಟೆಗೆ ಹೋದದ್ದು 1920ರಲ್ಲಿ. ಕೊಟ್ಟ ಹಕ್ಕು ವಾಪಸು ಹೋಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ 113 ವರ್ಷದ ಈ ಲೆಕ್ಕ ನೆನಪಾಗುತ್ತದೆ.

ಈಗ ನಿನ್ನ ಆತಂಕಗಳಿಗೆ ಬರೋಣ. ಆ ವಾರ ನಿಜವಾಗಿಯೂ ಆಗುವುದಿಲ್ಲ ಎಂದರೆ ದಿನಾಂಕ ಮುಂದೂಡಿ ಎಂದು ಕೇಳು. ಕೇಳುವುದರಲ್ಲಿ ತಪ್ಪಿಲ್ಲ, ಸಾಮಾನ್ಯವಾಗಿ ಒಪ್ಪುತ್ತಾರೆ. ಜ್ಯೂರಿಗೆ ಹೋದೆ ಎಂದು ಕೆಲಸದಿಂದ ತೆಗೆಯುವ ಹಾಗಿಲ್ಲ, ನಮ್ಮ ರಾಜ್ಯದಲ್ಲಿ ಅದಕ್ಕೆ ಕಾನೂನಿದೆ. ಮಗುವನ್ನು ಕರೆತರಲು ನಿನ್ನ ದೊಡ್ಡಮ್ಮ ಬರುತ್ತಾಳೆ, ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ. ನಿನ್ನ ಇಂಗ್ಲಿಷ್ ಉಚ್ಚಾರಣೆಯ ಚಿಂತೆ ಏನಾದರೂ ಇದ್ದರೆ ಅದಂತೂ ಬೇಡವೇ ಬೇಡ. ನಮ್ಮ ಹನ್ನೆರಡರಲ್ಲಿ ಪೋಲೆಂಡಿನಿಂದ ಬಂದ ಬಡಗಿಯೊಬ್ಬರಿದ್ದರು. ತಡವರಿಸುತ್ತ ಕೇಳಿದ ಅವರ ಪ್ರಶ್ನೆಗಳೇ ಎಲ್ಲರಿಗಿಂತ ನೇರವಾಗಿದ್ದವು.

ಗೆಳತಿ ಹೇಳಿಕೊಟ್ಟ ಸುಳ್ಳನ್ನು ಮಾತ್ರ ಹೇಳಬೇಡ. ವಕೀಲರು, ನ್ಯಾಯಾಧೀಶರು ಪ್ರಶ್ನೆ ಕೇಳುವ ಹೊತ್ತಿಗೆ ನೀನು ಪ್ರಮಾಣ ಮಾಡಿರುತ್ತೀಯ. ನಿನಗೆ ನಿಜವಾಗಿಯೂ ಏನಾದರೂ ಪೂರ್ವಗ್ರಹ ಇದ್ದರೆ ಹೇಳು, ಅದು ಪ್ರಾಮಾಣಿಕತೆ. ಇಲ್ಲದ್ದನ್ನು ಹುಟ್ಟಿಸಿಕೊಂಡು ಹೇಳಿದರೆ, ಪೌರತ್ವದ ದಿನ ಕೈ ಎತ್ತಿ ಹೇಳಿದ ಮಾತಿಗೆ ಏನು ಬೆಲೆ ಉಳಿಯುತ್ತದೆ? ಆವತ್ತು ನಿನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆದವನು ನಾನು. ಅದಕ್ಕೇ ಇಷ್ಟು ಸಲಿಗೆಯಿಂದ ಕೇಳುತ್ತಿದ್ದೇನೆ. ಬಹುಶಃ ನಿನ್ನನ್ನು ಆರಿಸದೆಯೂ ಮನೆಗೆ ಕಳಿಸಬಹುದು. ಹಾಗಾದರೂ ನೀನು ಹೋಗಿ ಹಾಜರಾದೆ ಎಂಬುದು ಇರುತ್ತದೆ.

ನಾಗರಿಕರ ಇನ್ನೊಂದು ಹೊಣೆ ಮತ ಎಂದೆನಲ್ಲ, ನವೆಂಬರಿನಲ್ಲಿ ಮತ ಹಾಕುವಾಗ ಚೀಟಿಯ ಮೇಲ್ಭಾಗದ ದೊಡ್ಡ ಹೆಸರುಗಳಿಗೆ ಗುರುತು ಹಾಕಿ ಬಂದುಬಿಡಬೇಡ. ಶಾಲಾ ಮಂಡಳಿ, ಟೌನ್ ಕೌನ್ಸಿಲ್ ಎಲ್ಲ ಕೆಳಗಿರುತ್ತವೆ. ನಿನ್ನ ಮಗುವಿನ ತರಗತಿಗೆ ಎಷ್ಟು ಶಿಕ್ಷಕರು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕೋರ್ಟಿನಲ್ಲಿ ಚಳಿ ಜಾಸ್ತಿ, ಸ್ವೆಟರ್ ತೆಗೆದುಕೊಂಡು ಹೋಗು. ಕಾಯುವುದು ಬಹಳ ಇರುತ್ತದೆ, ಪುಸ್ತಕ ಇರಲಿ. ಡಬ್ಬಿಗೆ ಮೊಸರನ್ನ ಹಾಕಿಕೋ. ಆಯ್ಕೆಯಾದರೆ ಕೇಸು ಮುಗಿಯುವ ತನಕ ಅದರ ಬಗ್ಗೆ ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ, ಗಂಡನ ಹತ್ತಿರವೂ, ನನ್ನ ಹತ್ತಿರವೂ. ನಾನೂ ಕೇಳುವುದಿಲ್ಲ. ಮುಗಿದ ದಿನ ಸಂಜೆ ಎಷ್ಟು ಹೊತ್ತಾದರೂ ಫೋನ್ ಮಾಡು, ಎದ್ದಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ